350 ಷೆವರ್ಲೆ ಎಂಜಿನ್‌ಗೆ ಹಳೆಯ ಹೆಡ್ ಆರಿಸುವುದು ಹೇಗೆ?

ಹಳೆಯ ಷೆವರ್ಲೆ 350 (ಘನ ಇಂಚಿನ) ಎಂಜಿನ್ ಬಿಚ್ಚಿಕೊಂಡು ಕೂತವರು ಮೊದಲು ಕೇಳುವುದು ಒಂದೇ: ಯಾವ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದಂತೆ ಕೂರುವ ಭಾಗ, ಹಾಕಲಿ? ಕೇಳಿದ ತಕ್ಷಣ ಪಕ್ಕದವರಿಂದ ಉತ್ತರವೂ ಬರುತ್ತದೆ: ‘ಡಬಲ್ ಹಂಪ್ (60ರ ದಶಕದ ಹೆಸರಾಂತ ಹೆಡ್) ಹಾಕು, ಕಣ್ಣು ಮುಚ್ಚಿ ಹಾಕು.’ ಆದರೆ ಆ ಎಂಜಿನ್ನಿನಲ್ಲಿ ಯಾವ ಪಿಸ್ಟನ್ ಕೂತಿದೆ, ಅದು ಮೇಲಕ್ಕೆ ಬಂದಾಗ ಬ್ಲಾಕಿನ ಅಂಚಿಗಿಂತ ಎಷ್ಟು ಕೆಳಗೆ ನಿಲ್ಲುತ್ತದೆ, ವಾಲ್ವ್‌ಗಳನ್ನು ತೆರೆದು ಮುಚ್ಚಿಸುವ ಕ್ಯಾಮ್ ಯಾವುದು, ಊರಿನ ಬಂಕಿನಲ್ಲಿ ಸಿಗುವ ಪೆಟ್ರೋಲ್ ಎಂಥದ್ದು ಎಂದು ಯಾರೂ ಕೇಳುವುದಿಲ್ಲ. ಕಂಪ್ರೆಶನ್ ರೇಶಿಯೋ, ಅಂದರೆ ಸಿಲಿಂಡರಿನೊಳಗಿನ ಗಾಳಿಯನ್ನು ಪಿಸ್ಟನ್ ಎಷ್ಟು ಪಟ್ಟು ಒತ್ತುತ್ತದೆ ಎಂಬುದು, ಹೆಡ್ಡಿನ ಮೇಲೆ ಬರೆದಿರುವುದಿಲ್ಲ. ಅದು ಇವೆಲ್ಲ ಸೇರಿ ಹುಟ್ಟುವ ಸಂಖ್ಯೆ, ಹೆಡ್ ಅದರಲ್ಲಿ ಒಬ್ಬ ಪಾಲುದಾರ ಮಾತ್ರ.

ಅಮೆರಿಕದಲ್ಲಿ ನೆಲೆಸಿ, ಮನೆಯ ಗ್ಯಾರೇಜಿನಲ್ಲಿ ಹಳೆಯ ನೋವಾ, ಷೆವೆಲ್ ಅಥವಾ ಸಿ10 ಪಿಕಪ್ ನಿಲ್ಲಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ರೇಸಿಗಲ್ಲ, ದಿನವೂ ರಸ್ತೆಯಲ್ಲಿ ಓಡಿಸುವ ಗಾಡಿಗೆ. ಲೆಕ್ಕವೆಲ್ಲ 350ಕ್ಕೆ ಸೇರಿದ್ದಾದರೂ ವಿಧಾನ ಬೇರೆ ಎಂಜಿನ್‌ಗಳಿಗೂ ನಡೆಯುತ್ತದೆ.

ಈ ಗೊಂದಲ ಬಂದದ್ದೆಲ್ಲಿಂದ

ಷೆವರ್ಲೆಯ ‘ಸ್ಮಾಲ್ ಬ್ಲಾಕ್’ ವಿ8 1955ರಲ್ಲಿ 265 ಘನ ಇಂಚಿನದಾಗಿ ಬಂತು. ಆಮೇಲೆ 283, 327 ಬಂದವು. 1967ರ ಮಾದರಿಯ ಕ್ಯಾಮರೋ ಜೊತೆ 350 ಬಂತು. ಗಾತ್ರ ಬದಲಾದರೂ ಹೆಡ್ ಕೂರುವ ಬೋಲ್ಟುಗಳ ಜಾಗ ಬದಲಾಗಲಿಲ್ಲ. ಹಾಗಾಗಿ ಒಂದು ಎಂಜಿನ್ನಿನ ಹೆಡ್ಡನ್ನು ಇನ್ನೊಂದಕ್ಕೆ ಹೆಚ್ಚುಕಮ್ಮಿ ನೇರವಾಗಿ ಕೂರಿಸಬಹುದು. ಅನುಕೂಲವೂ ಅದೇ, ಅಪಾಯವೂ ಅದೇ. ಕೂರುತ್ತದೆ ಎಂದ ಮಾತ್ರಕ್ಕೆ ಹೊಂದುತ್ತದೆ ಎಂದಲ್ಲ.

60ರ ದಶಕದ ಬಲಿಷ್ಠ ಎಂಜಿನ್‌ಗಳಿಗೆ ಬಂದ ಹೆಡ್‌ಗಳ ದಹನ ಕೋಣೆ, ಅಂದರೆ ಚೇಂಬರ್, ಸುಮಾರು 64 ಸಿಸಿ. ಆ ಕಾಲದ ಪ್ರೀಮಿಯಂ ಪೆಟ್ರೋಲಿನಲ್ಲಿ ಸೀಸವಿತ್ತು, ಆಕ್ಟೇನ್ (ಒತ್ತಡದಲ್ಲಿ ತಾನಾಗಿ ಸಿಡಿಯದೆ ತಡೆಯುವ ಗುಣದ ಅಳತೆ) ಜಾಸ್ತಿ ಇತ್ತು. ಅದರ ಬಲದ ಮೇಲೆ 1970ರ ಎಲ್‌ಟಿ-1 350 ಎಂಜಿನ್ನನ್ನು 11:1 ಕಂಪ್ರೆಶನ್‌ನಲ್ಲಿ ಕಾರ್ಖಾನೆಯೇ ಮಾರಿತು. ಕಾರ್ವೆಟ್‌ನಲ್ಲಿ ಅದಕ್ಕೆ 370 ಕುದುರೆ ಶಕ್ತಿ ಎಂದು ಘೋಷಿಸಿತ್ತು. ಮರುವರ್ಷವೇ ಜನರಲ್ ಮೋಟಾರ್ಸ್ ತನ್ನ ಎಂಜಿನ್‌ಗಳನ್ನೆಲ್ಲ ಕಡಿಮೆ ಆಕ್ಟೇನಿನ, ಸೀಸ ಕಡಿಮೆ ಇರುವ ಅಥವಾ ಇಲ್ಲದ ಪೆಟ್ರೋಲಿಗೆ ಹೊಂದುವಂತೆ ಇಳಿಸಿತು. 1971ರ ಎಲ್‌ಟಿ-1 9:1ಕ್ಕೆ ಬಂತು, ಶಕ್ತಿ 330ಕ್ಕೆ ಇಳಿಯಿತು. ಈ ಇಳಿಕೆಯ ಮುಖ್ಯ ಉಪಾಯ ಚೇಂಬರ್ ದೊಡ್ಡದು ಮಾಡುವುದು. 76 ಸಿಸಿ ಹೆಡ್‌ಗಳು ರಾಶಿ ರಾಶಿಯಾಗಿ ಬಂದದ್ದು ಹೀಗೆ. ಗುಜರಿಯಲ್ಲಿ, ಹಳೆ ಸಾಮಾನಿನ ಸಂತೆಗಳಲ್ಲಿ ಇವತ್ತಿಗೂ ಅಗ್ಗಕ್ಕೆ ಸಿಗುವುದು ಅವೇ. 64 ಸಿಸಿಯವಕ್ಕೆ ಹೆಸರಿದೆ, ಹೆಸರಿಗೆ ತಕ್ಕ ಬೆಲೆಯೂ ಇದೆ.

ಮೊದಲು ಪೆಟ್ರೋಲ್

ಎಂಜಿನ್ ಕಟ್ಟುವ ಕೆಲಸವನ್ನು ಬಂಕಿನಿಂದ ಶುರು ಮಾಡಿ. ನಿಮ್ಮ ಊರಿನಲ್ಲಿ ವರ್ಷವಿಡೀ ಸಿಗುವ ಅತಿ ಹೆಚ್ಚಿನ ಆಕ್ಟೇನ್ ಎಷ್ಟು? ಕ್ಯಾಲಿಫೋರ್ನಿಯಾದ ಬಹುಪಾಲು ಬಂಕುಗಳಲ್ಲಿ 91ಕ್ಕೆ ಮುಗಿಯುತ್ತದೆ. ಪೂರ್ವದ ರಾಜ್ಯಗಳಲ್ಲಿ 93 ಸುಲಭವಾಗಿ ಸಿಗುತ್ತದೆ.

ಊರಿನಿಂದ ಹೋದವರು ಎಡವುವುದು ಇಲ್ಲೇ. ಅಮೆರಿಕದ ಪಂಪಿನ ಹಳದಿ ಚೀಟಿಯ ಮೇಲಿರುವ ಸಂಖ್ಯೆ ರಿಸರ್ಚ್, ಮೋಟಾರ್ ಎಂಬ ಎರಡು ಪರೀಕ್ಷೆಗಳ ಸರಾಸರಿ. ಭಾರತದಲ್ಲಿ ಹೇಳುವ 91, 95 ಎಂಬುವು ರಿಸರ್ಚ್ ಆಕ್ಟೇನ್ ಮಾತ್ರ. ನಮ್ಮ ಕಡೆ ಬಹುಕಾಲ ಸಾಮಾನ್ಯವಾಗಿದ್ದ 91 ಪೆಟ್ರೋಲ್ ಹೆಚ್ಚುಕಮ್ಮಿ ಅಲ್ಲಿನ 87ಕ್ಕೆ ಸಮ. ಅಲ್ಲಿನ 91 ಎಂದರೆ ನಮ್ಮ 95ಕ್ಕೆ ಹತ್ತಿರ. ಅಮೆರಿಕದ ಪುಸ್ತಕದಲ್ಲಿ ‘91ರಲ್ಲಿ 9.5:1 ಆರಾಮ’ ಎಂದು ಓದಿ, ಅದನ್ನು ನಮ್ಮ ಲೆಕ್ಕದ 91 ಹಾಕುವ ಬೆಂಗಳೂರಿನ ಗೆಳೆಯನ ಹಳೇ ಗಾಡಿಗೆ ಹಾಗೇ ಹೇಳಿಬಿಟ್ಟರೆ ಎಂಜಿನ್ ಬಡಿದುಕೊಳ್ಳುತ್ತದೆ (ನಾಕಿಂಗ್: ಪೆಟ್ರೋಲ್ ಮಿಶ್ರಣ ತಾನಾಗಿ ಸಿಡಿಯುವುದು). ತಿರುಗಿ, 60ರ ದಶಕದ ಮಾಲೀಕರ ಕೈಪಿಡಿಗಳಲ್ಲಿ ಕಾಣುವ ಆಕ್ಟೇನ್ ಅಂಕಿಗಳೂ ಸಾಮಾನ್ಯವಾಗಿ ರಿಸರ್ಚ್ ಲೆಕ್ಕದವೇ. ಅವನ್ನು ಇವತ್ತಿನ ಪಂಪಿನ ಚೀಟಿಗೆ ನೇರ ಹೋಲಿಸಿ ಗಾಬರಿಯಾಗಬೇಡಿ.

ಕಬ್ಬಿಣದ ಹೆಡ್, ಕಾರ್ಬ್ಯುರೇಟರ್, ಅಮೆರಿಕದ 91 ಅಥವಾ 93 ಪೆಟ್ರೋಲ್, ರಸ್ತೆಯ ಓಡಾಟ. ಇಷ್ಟಕ್ಕೆ ನಾನು ಹಿಡಿಯುವ ಗುರಿ 9.3ರಿಂದ 9.8:1. 87ರಲ್ಲೇ ಓಡಿಸುತ್ತೇನೆ, ಭಾರ ಎಳೆಸುತ್ತೇನೆ ಎನ್ನುವವರು 8.5ರ ಆಸುಪಾಸಿನಲ್ಲಿ ಇರಲಿ. 10 ದಾಟಿಸುವುದು ಅಸಾಧ್ಯವೇನಲ್ಲ. ಆದರೆ ಅಲ್ಲಿ ಪ್ರತಿ ಅಳತೆಯೂ ಸರಿ ಇರಬೇಕು. ಬೇಸಿಗೆಯಲ್ಲಿ ಟ್ರಾಫಿಕ್ ನಡುವೆ ಸಿಕ್ಕಿಕೊಂಡಾಗ ಆ ಎಂಜಿನ್ ನಿಮ್ಮ ಲೆಕ್ಕವನ್ನು ಪರೀಕ್ಷಿಸುತ್ತದೆ.

ಕೆಳಗಿನ ಅರ್ಧದ ಅಳತೆ

ಹೆಡ್ ಕೊಳ್ಳುವ ಮುಂಚೆ ಬ್ಲಾಕ್ ಕಡೆಯ ಮೂರು ವಿಷಯ ಕೈಯಲ್ಲಿರಬೇಕು.

ಬೋರ್ (ಸಿಲಿಂಡರಿನ ವ್ಯಾಸ) ಮತ್ತು ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ). 350ರ ಮೂಲ ಬೋರ್ 4.000 ಇಂಚು, ಸ್ಟ್ರೋಕ್ 3.48 ಇಂಚು. ರೀಬೋರ್ ಆದ ಎಂಜಿನ್‌ಗಳಲ್ಲಿ 30 ಥೌ ದೊಡ್ಡದಾಗಿರುವುದು ಸಾಮಾನ್ಯ. ಥೌ ಎಂದರೆ ಇಂಚಿನ ಸಾವಿರದ ಒಂದು ಭಾಗ, ನಮ್ಮ ಲೇತ್ ಶಾಪಿನವರೂ ಹೀಗೇ ಹೇಳುವುದು. 4.030 ಬೋರಿಗೆ ಒಂದು ಸಿಲಿಂಡರಿನ ಪರಿಮಾಣ 727.4 ಸಿಸಿ. ಎಂಟಕ್ಕೆ ಗುಣಿಸಿದರೆ 355 ಘನ ಇಂಚು. ‘355 ಎಂಜಿನ್’ ಎಂದು ಜನ ಹೇಳುವುದು ಇದನ್ನೇ.

ಪಿಸ್ಟನ್ನಿನ ತಲೆ. ಚಪ್ಪಟೆಯೋ, ನಡುವೆ ತಗ್ಗಿದೆಯೋ, ಉಬ್ಬಿದೆಯೋ ನೋಡಿ. ಚಪ್ಪಟೆ ಪಿಸ್ಟನ್ನಿನಲ್ಲೂ ವಾಲ್ವ್ ತಗುಲದಂತೆ ಕೊರೆದ ಕಚ್ಚುಗಳಿರುತ್ತವೆ. ನಾಲ್ಕು ಕಚ್ಚಿನದಕ್ಕೆ ಸುಮಾರು 6 ಸಿಸಿ ಎಂದು ಇಟ್ಟುಕೊಳ್ಳಿ. ತಗ್ಗಿನ ಪಿಸ್ಟನ್ ಆದರೆ 12 ಸಿಸಿ ಅಥವಾ ಅದಕ್ಕೂ ಹೆಚ್ಚು. ಪಿಸ್ಟನ್ ಹೊಸದಾದರೆ ತಯಾರಕರ ಪಟ್ಟಿಯಲ್ಲಿ ನಿಖರ ಸಂಖ್ಯೆ ಇರುತ್ತದೆ.

ಡೆಕ್ ಅಳತೆ. ಹೆಚ್ಚು ಜನ ಬಿಟ್ಟುಬಿಡುವುದು ಇದನ್ನೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬ್ಲಾಕಿನ ನಡುವಿನ ಕ್ರ್ಯಾಂಕ್ ರೇಖೆಯಿಂದ ಮೇಲಂಚಿಗೆ ಕಾರ್ಖಾನೆಯ ಅಳತೆ 9.025 ಇಂಚು. ಅರ್ಧ ಸ್ಟ್ರೋಕ್ 1.74, ಕನೆಕ್ಟಿಂಗ್ ರಾಡ್ 5.7, ಪಿಸ್ಟನ್ ಪಿನ್ನಿನಿಂದ ತಲೆವರೆಗೆ 1.56. ಕೂಡಿದರೆ 9.000. ಅಂದರೆ ಪಿಸ್ಟನ್ ಪೂರ್ತಿ ಮೇಲೆ ಬಂದಾಗಲೂ ಅಂಚಿಗಿಂತ 25 ಥೌ ಕೆಳಗೇ ನಿಲ್ಲುತ್ತದೆ. ಇನ್ನು ಅಗ್ಗದ ರೀಬಿಲ್ಡ್ ಕಿಟ್‌ಗಳಲ್ಲಿ ಬರುವ ಎಷ್ಟೋ ಪಿಸ್ಟನ್‌ಗಳಲ್ಲಿ ಆ 1.56ರ ಬದಲು 1.54 ಇರುತ್ತದೆ. ಹಿಂದೆ ಯಾರೋ ಬ್ಲಾಕಿನ ಮೇಲ್ಮೈಯನ್ನು ಫೇಸಿಂಗ್ ಮಾಡಿಸಿದ್ದರೂ (ಯಂತ್ರದಲ್ಲಿ ತೆಳುವಾಗಿ ಕತ್ತರಿಸಿ ಸಮ ಮಾಡಿಸಿದ್ದರೂ) ಕಂಪ್ರೆಶನ್ ಹೆಚ್ಚಾಗದಿರಲಿ ಎಂದು ಬಿಟ್ಟ ಅಂತರ ಅದು. ನಿಮ್ಮ ಬ್ಲಾಕಿಗೆ ಫೇಸಿಂಗ್ ಆಗಿರದಿದ್ದರೆ ಪಿಸ್ಟನ್ 45 ಥೌ ಕೆಳಗೆ ಕೂರುತ್ತದೆ.

ಅಳೆಯುವುದು ಹೀಗೆ: ಹೆಡ್ ತೆಗೆದ ಬ್ಲಾಕಿನ ಮೇಲ್ಮೈಯನ್ನು ಚೊಕ್ಕ ಮಾಡಿ, ಡಯಲ್ ಇಂಡಿಕೇಟರ್‌ನ ಕಾಲನ್ನು ಬ್ಲಾಕಿನ ಮೇಲಿಟ್ಟು ಸೊನ್ನೆಗೆ ತನ್ನಿ, ಮುಳ್ಳನ್ನು ಪಿಸ್ಟನ್ ಮೇಲಕ್ಕೆ ಸರಿಸಿ, ಕ್ರ್ಯಾಂಕ್ ನಿಧಾನವಾಗಿ ತಿರುಗಿಸಿ ಅತಿ ಮೇಲಿನ ಬಿಂದು ಹಿಡಿಯಿರಿ. ಪಿಸ್ಟನ್ ಪಿನ್ನಿನ ಮೇಲೆ ಅತ್ತಿತ್ತ ವಾಲುತ್ತದೆ. ಆದ್ದರಿಂದ ಪಿನ್ನಿನ ನೇರಕ್ಕೆ ಬರುವ ಎರಡು ತುದಿಗಳಲ್ಲೇ ಅಳೆಯಿರಿ, ವಾಲುವ ಬದಿಯಲ್ಲಿ ಬೇಡ. ನಾಲ್ಕು ಮೂಲೆಯ ಸಿಲಿಂಡರ್‌ಗಳಲ್ಲೂ ಮಾಡಿ. ಹಳೆಯ ಬ್ಲಾಕುಗಳಲ್ಲಿ ಮುಂದಿನ ಮೂಲೆಗೂ ಹಿಂದಿನ ಮೂಲೆಗೂ ಕೆಲವು ಥೌ ವ್ಯತ್ಯಾಸ ಇದ್ದೇ ಇರುತ್ತದೆ.

ಲೆಕ್ಕ

ಕಂಪ್ರೆಶನ್ ರೇಶಿಯೋ ಎಂದರೆ ಪಿಸ್ಟನ್ ಕೆಳಗಿರುವಾಗಿನ ಒಟ್ಟು ಜಾಗವನ್ನು ಅದು ಮೇಲಿರುವಾಗ ಉಳಿಯುವ ಜಾಗದಿಂದ ಭಾಗಿಸಿದ್ದು. ಉಳಿಯುವ ಜಾಗದಲ್ಲಿ ನಾಲ್ಕು ಪಾಲು: ಹೆಡ್ಡಿನ ಚೇಂಬರ್, ಪಿಸ್ಟನ್ನಿನ ಕಚ್ಚು ಅಥವಾ ತಗ್ಗು, ಡೆಕ್ ಅಂತರ, ಬ್ಲಾಕ್ ಮತ್ತು ಹೆಡ್ ನಡುವೆ ಕೂರುವ ಗ್ಯಾಸ್ಕೆಟ್.

4.030 ಬೋರಿಗೆ 25 ಥೌ ಡೆಕ್ ಅಂತರ ಎಂದರೆ 5.2 ಸಿಸಿ. ಈಗ ಎಲ್ಲರೂ ಹಾಕುವ ಕಾಂಪೊಸಿಟ್ ಗ್ಯಾಸ್ಕೆಟ್ ಬಿಗಿಯಾದ ಮೇಲೆ ಸುಮಾರು 41 ಥೌ ದಪ್ಪ, ಅದರ ರಂಧ್ರ 4.166 ಇಂಚು ಇದ್ದರೆ 9.2 ಸಿಸಿ. ಹಿಂದೆ ಕಾರ್ಖಾನೆ ಹಾಕುತ್ತಿದ್ದ ತೆಳು ಉಕ್ಕಿನ ಶಿಮ್ ಗ್ಯಾಸ್ಕೆಟ್ 15 ಥೌ ಮಾತ್ರ, ಅದಕ್ಕೆ 3.2 ಸಿಸಿ.

ಚಪ್ಪಟೆ ಪಿಸ್ಟನ್, 25 ಥೌ ಡೆಕ್, ಕಾಂಪೊಸಿಟ್ ಗ್ಯಾಸ್ಕೆಟ್ ಇಟ್ಟುಕೊಂಡು ಬರೀ ಹೆಡ್ ಬದಲಿಸಿ ನೋಡಿ:

64 ಸಿಸಿ ಹೆಡ್: 64 + 6 + 5.2 + 9.2 = 84.4 ಸಿಸಿ, ರೇಶಿಯೋ 9.6
76 ಸಿಸಿ ಹೆಡ್: 96.4 ಸಿಸಿ, ರೇಶಿಯೋ 8.55
58 ಸಿಸಿ ಹೆಡ್: 78.4 ಸಿಸಿ, ರೇಶಿಯೋ 10.3

ಹನ್ನೆರಡು ಸಿಸಿಗೆ ಒಂದು ಅಂಶಕ್ಕಿಂತ ಹೆಚ್ಚು ವ್ಯತ್ಯಾಸ. ಇಲ್ಲಿಗೆ ನಿಲ್ಲಿಸಿದರೆ ಡಬಲ್ ಹಂಪ್ ಪಕ್ಷದವರೇ ಗೆದ್ದರು. ಆದರೆ ಆ 84.4ಕ್ಕೆ ಬೇರೆ ದಾರಿಗಳೂ ಇವೆ. 76 ಸಿಸಿ ಹೆಡ್ಡನ್ನು 30 ಥೌ ಫೇಸಿಂಗ್ ಮಾಡಿಸಿದರೆ ಸುಮಾರು 70 ಸಿಸಿಗೆ ಬರುತ್ತದೆ. ಅದರ ಜೊತೆ ಶಿಮ್ ಗ್ಯಾಸ್ಕೆಟ್ ಹಾಕಿ: 70 + 6 + 5.2 + 3.2 = 84.4. ಅದೇ 9.6. ನಿಮ್ಮಲ್ಲಿರುವುದು 12 ಸಿಸಿ ತಗ್ಗಿನ ಪಿಸ್ಟನ್ ಆದರೆ 305 ಎಂಜಿನ್ನಿನ 58 ಸಿಸಿ ಹೆಡ್ ಹಾಕಿ: 58 + 12 + 5.2 + 9.2, ಮತ್ತೆ 84.4. ಸಿಲಿಂಡರಿನೊಳಗಿನ ಗಾಳಿಗೆ ಹೆಡ್ಡಿನ ಹೊರಗಿರುವ ಗುರುತು ಕಾಣುವುದಿಲ್ಲ.

ಇನ್ನೊಂದು ತಿರುವು. ಆ 1.54ರ ಪಿಸ್ಟನ್ ಇದ್ದು ಡೆಕ್ 45 ಥೌ ಆಗಿದ್ದರೆ, ದುಬಾರಿ 64 ಸಿಸಿ ಹೆಡ್ ಹಾಕಿದರೂ ಬರುವುದು 9.2. 76 ಸಿಸಿಗೆ 8.2. ಕಾಗದದ ಮೇಲೆ 9.6 ಎಂದು ಬರೆದುಕೊಂಡು ಕಟ್ಟಿದ ಎಷ್ಟೋ ಎಂಜಿನ್‌ಗಳು ನಿಜದಲ್ಲಿ ಒಂಬತ್ತರ ಸುತ್ತ ಓಡುತ್ತಿರುತ್ತವೆ, ಮಾಲೀಕರಿಗೆ ಗೊತ್ತೇ ಇರುವುದಿಲ್ಲ.

ಕ್ವೆಂಚ್

ಚೇಂಬರ್ ಪಕ್ಕದಲ್ಲಿ ಹೆಡ್ಡಿನ ಚಪ್ಪಟೆ ಭಾಗವೊಂದು ಇರುತ್ತದೆ. ಪಿಸ್ಟನ್ ಮೇಲೆ ಬಂದಾಗ ಅದರ ಚಪ್ಪಟೆ ಭಾಗ ಇದರ ಹತ್ತಿರಕ್ಕೆ ಬಂದು ನಡುವಿನ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಪ್ಲಗ್ ಕಡೆಗೆ ಚಿಮ್ಮಿಸುತ್ತದೆ. ಮಿಶ್ರಣ ಕಲಕಿ ಬೇಗ ಉರಿಯುತ್ತದೆ. ಮೂಲೆಯಲ್ಲಿ ಉಳಿದ ತೆಳು ಪದರ ಲೋಹಕ್ಕೆ ಶಾಖ ಕೊಟ್ಟು ತಣ್ಣಗಿರುತ್ತದೆ, ತಾನಾಗಿ ಸಿಡಿಯುವುದಿಲ್ಲ. ಈ ಅಂತರವನ್ನೇ ಕ್ವೆಂಚ್ ಎನ್ನುವುದು. ಡೆಕ್ ಅಂತರಕ್ಕೆ ಗ್ಯಾಸ್ಕೆಟ್ ದಪ್ಪ ಕೂಡಿದರೆ ಆ ಸಂಖ್ಯೆ ಸಿಗುತ್ತದೆ.

ಉಕ್ಕಿನ ರಾಡ್ ಇರುವ ರಸ್ತೆ ಎಂಜಿನ್‌ಗೆ 35ರಿಂದ 45 ಥೌ ಒಳ್ಳೆಯದು. 35ಕ್ಕಿಂತ ಕಡಿಮೆಯಾದರೆ ಹೆಚ್ಚಿನ ವೇಗದಲ್ಲಿ ಪಿಸ್ಟನ್ ಹೆಡ್ಡಿಗೆ ಬಡಿಯುವ ಅಪಾಯವಿದೆ. 60 ದಾಟಿದರೆ ಕ್ವೆಂಚ್‌ನ ಲಾಭ ಕರಗುತ್ತಾ ಹೋಗುತ್ತದೆ.

ಈಗ ಮೇಲಿನ ಮೂರು ದಾರಿಗಳನ್ನು ಮತ್ತೆ ನೋಡಿ. ಕಾಂಪೊಸಿಟ್ ಗ್ಯಾಸ್ಕೆಟ್ ಹಾಕಿದ 64 ಸಿಸಿ ಹೆಡ್ಡಿನದು 25 + 41 = 66 ಥೌ. ಶಿಮ್ ಹಾಕಿದ 76 ಸಿಸಿ ಹೆಡ್ಡಿನದು 25 + 15 = 40 ಥೌ. ರೇಶಿಯೋ ಒಂದೇ ಆದರೂ ಅಗ್ಗದ ಹೆಡ್ ಹಾಕಿದ ಎಂಜಿನ್ ನಾಕಿಂಗ್‌ಗೆ ಹೆಚ್ಚು ತಡೆ ಒಡ್ಡುತ್ತದೆ! 58 ಸಿಸಿ ದಾರಿಯಲ್ಲಿ ಅಂತರ 66 ಥೌ ಇರುವುದಲ್ಲದೆ, ದುಂಡನೆಯ ತಗ್ಗು ಚಪ್ಪಟೆ ಭಾಗದ ಸ್ವಲ್ಪವನ್ನು ತಿಂದುಹಾಕಿರುತ್ತದೆ. ಮೂರರಲ್ಲಿ ಅದೇ ದುರ್ಬಲ.

64 ಸಿಸಿ ಹೆಡ್ಡಿಗೂ ಶಿಮ್ ಹಾಕಿದರೆ? 40 ಥೌ ಕ್ವೆಂಚ್ ಬರುತ್ತದೆ, ಆದರೆ ರೇಶಿಯೋ 10.3ಕ್ಕೆ ಹಾರುತ್ತದೆ. ಬ್ಲಾಕನ್ನು 25 ಥೌ ಫೇಸಿಂಗ್ ಮಾಡಿಸಿ ಪಿಸ್ಟನ್ನನ್ನು ಅಂಚಿನ ಸಮಕ್ಕೆ ತಂದು 41ರ ಗ್ಯಾಸ್ಕೆಟ್ ಹಾಕಿದರೆ 10.2. ಕ್ಯಾಮ್ ದೊಡ್ಡದಿದ್ದವರಿಗೆ ಇವು ಸರಿ, ಇಲ್ಲದವರಿಗೆ ತಲೆನೋವು.

ಶಿಮ್ ಗ್ಯಾಸ್ಕೆಟ್ ಹಾಕುವವರಿಗೆ ಒಂದು ಎಚ್ಚರಿಕೆ. ಅದು ತೆಳು ಉಕ್ಕು, ಮೇಲ್ಮೈಯ ಗೀರು, ತಗ್ಗುಗಳನ್ನು ಮುಚ್ಚಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಬ್ಲಾಕ್, ಹೆಡ್ ಎರಡೂ ಸಮತಟ್ಟಾಗಿರಬೇಕು, ಸೀಲೆಂಟ್ ಸ್ಪ್ರೇ ಹಾಕಿ ಕೂರಿಸಬೇಕು. ತುಕ್ಕು ತಿಂದ ಹಳೆಯ ಬ್ಲಾಕಿನ ಮೇಲೆ ಇದನ್ನು ಹಾಕಿ ನೀರು ಸೋರಿತೆಂದು ಗೋಳಾಡುವುದು ಬೇಡ.

ಕ್ಯಾಮ್ ಜೊತೆ ಕೂಡಿಸಿ ನೋಡುವುದು

ಈವರೆಗಿನ ಲೆಕ್ಕದಲ್ಲಿ ಪಿಸ್ಟನ್ ಮೇಲೇರಲು ಶುರು ಮಾಡಿದ ಕ್ಷಣದಿಂದಲೇ ಗಾಳಿ ಒತ್ತುತ್ತದೆ ಎಂದು ಊಹಿಸಿದೆವು. ನಿಜದಲ್ಲಿ ಇನ್‌ಟೇಕ್ ವಾಲ್ವ್ ಆಗಲೂ ತೆರೆದೇ ಇರುತ್ತದೆ. ಅದು ಮುಚ್ಚಿದ ಮೇಲಷ್ಟೇ ಒತ್ತಡ ಶುರು. ಕ್ಯಾಮ್ ದೊಡ್ಡದಾದಷ್ಟೂ ಅದು ತಡವಾಗಿ ಮುಚ್ಚುತ್ತದೆ. ಇದನ್ನು ಸೇರಿಸಿ ಮಾಡುವ ಲೆಕ್ಕಕ್ಕೆ ಡೈನಾಮಿಕ್ ಕಂಪ್ರೆಶನ್ ಎನ್ನುತ್ತಾರೆ.

ಕ್ಯಾಮ್ ಜೊತೆ ಬರುವ ಕಾರ್ಡಿನಲ್ಲಿ ಎರಡು ಸಂಖ್ಯೆ ಹುಡುಕಿ: ಜಾಹೀರಾತಿನ (advertised) ಡ್ಯುರೇಶನ್, ಅಂದರೆ ಕ್ರ್ಯಾಂಕ್ ಎಷ್ಟು ಡಿಗ್ರಿ ತಿರುಗುವವರೆಗೆ ವಾಲ್ವ್ ತೆರೆದಿರುತ್ತದೆ ಎಂಬುದು; ಇನ್‌ಟೇಕ್ ಸೆಂಟರ್‌ಲೈನ್, ಅಂದರೆ ಇನ್‌ಟೇಕ್ ವಾಲ್ವ್ ಪೂರ್ತಿ ತೆರೆದಿರುವ ಕ್ರ್ಯಾಂಕ್ ಕೋನ. ಡ್ಯುರೇಶನ್ನಿನ ಅರ್ಧಕ್ಕೆ ಸೆಂಟರ್‌ಲೈನ್ ಕೂಡಿಸಿ 180 ಕಳೆಯಿರಿ. 268 ಡಿಗ್ರಿ ಡ್ಯುರೇಶನ್, 106 ಸೆಂಟರ್‌ಲೈನ್ ಇದ್ದರೆ 134 + 106 – 180 = 60. ಪಿಸ್ಟನ್ ಕೆಳತುದಿ ದಾಟಿ ಕ್ರ್ಯಾಂಕ್ 60 ಡಿಗ್ರಿ ತಿರುಗಿದ ಮೇಲೆ ವಾಲ್ವ್ ಮುಚ್ಚುತ್ತದೆ. ಕಾರ್ಡಿನಲ್ಲಿ 50 ಥೌ ಎತ್ತರದ ಅಳತೆಗಳೂ ಇರುತ್ತವೆ, ಈ ಲೆಕ್ಕಕ್ಕೆ ಅವನ್ನು ಬಳಸಬೇಡಿ. ಎರಡನ್ನೂ ಬೆರೆಸಿಬಿಟ್ಟರೆ ಸುಳ್ಳು ಉತ್ತರ ಬರುತ್ತದೆ.

5.7 ಇಂಚಿನ ರಾಡ್ ಇರುವ 355ರಲ್ಲಿ, 60 ಡಿಗ್ರಿಯ ಹೊತ್ತಿಗೆ ಪಿಸ್ಟನ್ನಿಗೆ ಏರಲು ಉಳಿಯುವುದು 3.48ರಲ್ಲಿ 2.81 ಇಂಚು ಮಾತ್ರ, ಅಂದರೆ 588 ಸಿಸಿ. ಆ 84.4ರ ಎಂಜಿನ್‌ಗೆ ಇದು ಸುಮಾರು 8.0 ಕೊಡುತ್ತದೆ. ಬಂಕಿನ ಒಳ್ಳೆಯ ಪೆಟ್ರೋಲಿಗೆ, ಕಬ್ಬಿಣದ ಹೆಡ್ಡಿಗೆ 7.5ರಿಂದ 8 ನೆಮ್ಮದಿಯ ಪಟ್ಟಿ. ಹಾಗಾಗಿ 268ರ ಕ್ಯಾಮ್ ಜೊತೆ 9.6 ಹೇಳಿ ಮಾಡಿಸಿದ ಜೋಡಿ. ಅದೇ ಕ್ಯಾಮ್‌ಗೆ 10.3ರ ಎಂಜಿನ್ ಕೊಟ್ಟರೆ ಡೈನಾಮಿಕ್ 8.5ಕ್ಕೆ ಹೋಗುತ್ತದೆ, 91ರಲ್ಲಿ ಬಡಿಯುವ ಸಾಧ್ಯತೆ ಹೆಚ್ಚು. ಫೇಸಿಂಗ್ ಮಾಡಿಸದ 76 ಸಿಸಿ ಹೆಡ್ಡಿನ 8.55ರ ಎಂಜಿನ್‌ಗೆ ಕೊಟ್ಟರೆ 7.1ಕ್ಕೆ ಬೀಳುತ್ತದೆ. ಆ ಗಾಡಿ ಓಡುತ್ತದೆ, ಆದರೆ ಸಿಗ್ನಲ್ ಬಿಟ್ಟಾಗ ಮುಂದಕ್ಕೆ ಹೋಗಲು ಮನಸ್ಸೇ ಮಾಡುವುದಿಲ್ಲ.

ಈಗ 288 ಡಿಗ್ರಿ ಕ್ಯಾಮ್ ಹಾಕಿದರೆ ವಾಲ್ವ್ 70 ಡಿಗ್ರಿಗೆ ಮುಚ್ಚುತ್ತದೆ. 10.3ರ ಎಂಜಿನ್ 7.9ಕ್ಕೆ ಇಳಿದು ಸರಿಹೋಗುತ್ತದೆ. 8.55ರದು 6.6ಕ್ಕೆ ಕುಸಿಯುತ್ತದೆ. 76 ಸಿಸಿ ಹೆಡ್, ಉದ್ದ ಕ್ಯಾಮ್, ದೊಡ್ಡ ಕಾರ್ಬ್ಯುರೇಟರ್: ರಸ್ತೆಯಲ್ಲಿ ಕಾಣುವ ಅತಿ ಸಾಮಾನ್ಯ ಪ್ರಮಾದ ಇದೇ. ನಿಂತಲ್ಲಿ ಗುಡುಗುತ್ತದೆ, ಹೊರಟಾಗ ತೆವಳುತ್ತದೆ.

ಹೆಡ್ಡಿನಲ್ಲಿ ಏನು ನೋಡಬೇಕು

ಹೆಡ್ಡಿನ ತುದಿಯಲ್ಲಿ, ಎಂಜಿನ್ ಬಿಚ್ಚದೆಯೇ ಕಾಣುವಂತೆ, ಒಂದು ಎರಕದ ಗುರುತು ಇರುತ್ತದೆ. ಒಂಟೆಯ ಎರಡು ಡುಬ್ಬದಂತಿದ್ದರೆ ಅದೇ ಡಬಲ್ ಹಂಪ್. ಆದರೆ ಗುರುತನ್ನಷ್ಟೇ ನಂಬಿ ದುಡ್ಡು ಕೊಡಬೇಡಿ. ವಾಲ್ವ್ ಕವರ್ ತೆಗೆಸಿ, ರಾಕರ್‌ಗಳ ನಡುವೆ ಉಬ್ಬಾಗಿ ಎರಕವಾಗಿರುವ ಸಂಖ್ಯೆ ಓದಿ. ಜನ ಅದರ ಕೊನೆಯ ಮೂರು ಅಂಕಿಯಿಂದ ಕರೆಯುತ್ತಾರೆ. 3782461 ಎಂದಿದ್ದರೆ ‘461’. ಪಕ್ಕದಲ್ಲಿ ತಾರೀಖೂ ಇರುತ್ತದೆ: ತಿಂಗಳಿಗೆ ಒಂದು ಇಂಗ್ಲಿಷ್ ಅಕ್ಷರ, ಆಮೇಲೆ ದಿನ, ಕೊನೆಗೆ ವರ್ಷದ ಒಂದೇ ಅಂಕಿ. ‘ಸಿ 12 9’ ಎಂದರೆ ಮಾರ್ಚ್ 12, 9ಕ್ಕೆ ಕೊನೆಯಾಗುವ ವರ್ಷ.

461, 462, 291, 186 ಇವು 64 ಸಿಸಿಯ ಹೆಸರಾಂತ ಎರಕಗಳು. ಇನ್‌ಟೇಕ್ ವಾಲ್ವ್ 1.94 ಅಥವಾ 2.02 ಇಂಚು. ಇವುಗಳಲ್ಲಿ ಎರಡು ತೊಡಕು. ಒಂದು, 60ರ ದಶಕದ ಹೆಡ್‌ಗಳ ತುದಿಯಲ್ಲಿ ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಬ್ರಾಕೆಟ್ ಬಿಗಿಯುವ ತೂತುಗಳಿರುವುದಿಲ್ಲ. 1969ರಿಂದ ಬಂದ ಕಾರುಗಳ ಬ್ರಾಕೆಟ್‌ಗಳಿಗೆ ಅವು ಬೇಕೇ ಬೇಕು. 186ರಲ್ಲಿ ಅವಿವೆ, ಅದಕ್ಕೇ ಅದರ ಬೆಲೆ ಚೂರು ಜಾಸ್ತಿ. ಎರಡು, ಸೀಸದ ಪೆಟ್ರೋಲಿನ ಕಾಲದ ಎಕ್ಸಾಸ್ಟ್ ಸೀಟುಗಳು ಮೆತ್ತಗಿರುತ್ತವೆ. ಸೀಸವಿಲ್ಲದ ಪೆಟ್ರೋಲಿನಲ್ಲಿ, ಅದರಲ್ಲೂ ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸಿದರೆ, ವಾಲ್ವ್ ಸೀಟಿನೊಳಕ್ಕೆ ಇಳಿಯುತ್ತದೆ. ಗಡಸು ಸೀಟ್ ಕೂರಿಸುವ ಖರ್ಚನ್ನು ಹೆಡ್ಡಿನ ಬೆಲೆಗೇ ಸೇರಿಸಿ ಯೋಚಿಸಿ. ವಾರಕ್ಕೊಮ್ಮೆ ಊರೊಳಗೆ ಸುತ್ತುವ ಗಾಡಿಗೆ ಅಷ್ಟು ಅವಸರವಿಲ್ಲ.

76 ಸಿಸಿಯಲ್ಲಿ 441, 487, 993 ಗಟ್ಟಿ ಎರಕಗಳು, ಫೇಸಿಂಗ್ ತಡೆಯುತ್ತವೆ. ಎಪ್ಪತ್ತರ ದಶಕದ ನಡುವಿನಿಂದ ಬಂದ 882 ಎಲ್ಲೆಲ್ಲೂ ಸಿಗುತ್ತದೆ, ಬಿರುಕು ಬಿಡುವುದರಲ್ಲೂ ಹೆಸರುವಾಸಿ. 624 ಅದಕ್ಕಿಂತ ತೆಳು. ಮೇಲೆ ಹೇಳಿದ 30 ಥೌ ಉಪಾಯವನ್ನು ಈ ಎರಡರ ಮೇಲೆ ಮಾಡಬೇಡಿ, ಪುಕ್ಕಟೆ ಕೊಟ್ಟರೂ ಬೇಡ.

305 ಎಂಜಿನ್ನಿನ 416 ಹೆಡ್ 58 ಸಿಸಿ. ವಾಲ್ವ್ ಚಿಕ್ಕದು, 1.84. ಕೆಳ ವೇಗದಲ್ಲಿ ಒಳ್ಳೆಯ ಎಳೆತ ಕೊಡುತ್ತದೆ, ಮೇಲ್ವೇಗದಲ್ಲಿ ಉಸಿರು ಕಟ್ಟುತ್ತದೆ. ಪಿಕಪ್‌ಗೆ ಸೈ.

ಹಳೆಯದೇ ಆಗಬೇಕೆಂಬ ಹಟ ಇಲ್ಲದವರಿಗೆ ಇನ್ನೊಂದು ಮಾತು. 1996ರಿಂದ ಟ್ರಕ್ಕುಗಳಲ್ಲಿ ಬಂದ ವೊರ್ಟೆಕ್ ಹೆಡ್, 062 ಅಥವಾ 906, ಅದೂ 64 ಸಿಸಿಯೇ. ಗಾಳಿ ಹರಿವಿನಲ್ಲಿ ಡಬಲ್ ಹಂಪ್ ಅದರ ಮುಂದೆ ನಿಲ್ಲುವುದಿಲ್ಲ. ಆದರೆ ಇನ್‌ಟೇಕ್ ಮ್ಯಾನಿಫೋಲ್ಡ್ ಬೇರೆಯದೇ ಬೇಕು, ವಾಲ್ವ್ ಕವರಿನ ಬೋಲ್ಟುಗಳು ನಡುವೆ ಇರುತ್ತವೆ, ಯಂತ್ರಗೆಲಸ ಮಾಡಿಸದೆ ಸುಮಾರು 0.460 ಇಂಚಿಗಿಂತ ಹೆಚ್ಚು ಲಿಫ್ಟ್ (ವಾಲ್ವ್ ಎತ್ತುವ ಎತ್ತರ) ಇರುವ ಕ್ಯಾಮ್ ಹಾಕುವಂತಿಲ್ಲ. ಕಾಲಕ್ಕೆ ತಕ್ಕ ನೋಟವೇ ಮುಖ್ಯ ಎನ್ನುವವರಿಗೆ ಇದು ಹಿಡಿಸುವುದಿಲ್ಲ, ಅದು ಅವರಿಷ್ಟ.

350 ಬಿಟ್ಟು 400 ಘನ ಇಂಚಿನ ಬ್ಲಾಕ್ ಇದ್ದವರು ಗಮನಿಸಿ: ಅದರ ಸಿಲಿಂಡರ್‌ಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಹಬೆ ಹೋಗುವ ಸಣ್ಣ ತೂತುಗಳು ಹೆಡ್ಡಿನಲ್ಲೂ ಇರಬೇಕು. 350ರ ಹೆಡ್‌ಗಳಲ್ಲಿ ಅವಿರುವುದಿಲ್ಲ, ಕೊರೆಸಬೇಕು.

ಕೊಳ್ಳುವ ಮುಂಚೆ ಯಾವ ಹೆಡ್ಡನ್ನಾದರೂ ಬಿರುಕು ಪರೀಕ್ಷೆಗೆ ಕೊಡುತ್ತೇನೆ, ಬಿರುಕಿದ್ದರೆ ವಾಪಸ್ ತೆಗೆದುಕೊಳ್ಳಬೇಕು ಎಂದು ಮಾರುವವರ ಹತ್ತಿರ ಮಾತಾಡಿಕೊಳ್ಳಿ. ನಡುವಿನ ಎರಡು ಎಕ್ಸಾಸ್ಟ್ ವಾಲ್ವ್‌ಗಳು ಅಕ್ಕಪಕ್ಕ ಇರುವುದರಿಂದ ಶಾಖವೆಲ್ಲ ಅಲ್ಲಿ ಸೇರುತ್ತದೆ, ಬಿರುಕು ಹೆಚ್ಚಾಗಿ ಅಲ್ಲೇ. ಬರಿಗಣ್ಣಿಗೆ ಕಾಣದ್ದು ಮ್ಯಾಗ್ನೆಟಿಕ್ ಪುಡಿಗೆ ಕಾಣುತ್ತದೆ.

ಚೇಂಬರ್ ಅಳೆಯುವುದು

64 ಎಂದು ಪುಸ್ತಕದಲ್ಲಿರುವುದು ನಿಮ್ಮ ಕೈಗೆ ಬಂದ ಹೆಡ್ಡಿನಲ್ಲಿ 62 ಇರಬಹುದು, 67 ಇರಬಹುದು. ಅರ್ಧ ಶತಮಾನದಲ್ಲಿ ಅದನ್ನು ಯಾರು ಎಷ್ಟು ಸಲ ಫೇಸಿಂಗ್ ಮಾಡಿಸಿದರೋ, ಸೀಟ್ ಎಷ್ಟು ಆಳಕ್ಕೆ ಕಡಿಸಿದರೋ. ಅಳೆಯದೆ ಬೇರೆ ದಾರಿಯಿಲ್ಲ, ಕಷ್ಟವೂ ಇಲ್ಲ.

ಬೇಕಾದದ್ದು ಶಾಲೆಯ ಪ್ರಯೋಗಾಲಯದಲ್ಲಿದ್ದಂಥ 100 ಸಿಸಿ ಬ್ಯೂರೆಟ್, ಅಂಚಿನ ಹತ್ತಿರ ಸಣ್ಣ ತೂತು ಕೊರೆದ ಅಂಗೈಯಗಲದ ಅಕ್ರಿಲಿಕ್ ಹಾಳೆ, ಗ್ರೀಸ್, ಬಣ್ಣ ಬೆರೆಸಿದ ಸ್ಪಿರಿಟ್. ವಾಲ್ವ್‌ಗಳನ್ನು ಅವುಗಳ ಸೀಟಿನಲ್ಲಿ ಕೂರಿಸಿ, ಸೀಟಿಗೆ ತೆಳುವಾಗಿ ಗ್ರೀಸ್ ಸವರಿ. ನಿಜವಾಗಿ ಬಳಸುವ ಸ್ಪಾರ್ಕ್ ಪ್ಲಗ್ಗನ್ನೇ ಬಿಗಿಯಿರಿ. ಹಳೆಯ ಹೆಡ್‌ಗಳಿಗೆ ವಾಷರ್ ಇರುವ ಪ್ಲಗ್, ಎಪ್ಪತ್ತರ ದಶಕದವಕ್ಕೆ ವಾಷರ್ ಇಲ್ಲದ ಮೊನಚು ಸೀಟಿನದು. ಅದಲುಬದಲಾದರೆ ಅಳತೆಯೂ ಕೆಡುತ್ತದೆ, ಎಂಜಿನ್ನೂ ಕೆಡುತ್ತದೆ. ಹೆಡ್ಡನ್ನು ಮಗುಚಿ, ತೂತಿನ ಕಡೆ ಸ್ವಲ್ಪ ಎತ್ತರವಾಗುವಂತೆ ವಾಲಿಸಿ ಇಡಿ. ಚೇಂಬರ್ ಅಂಚಿಗೆ ಗ್ರೀಸ್ ಸವರಿ ಹಾಳೆ ಒತ್ತಿ. ಬ್ಯೂರೆಟ್‌ನಿಂದ ದ್ರವ ಬಿಡುತ್ತಾ ಹೋದಂತೆ ಗಾಳಿಗುಳ್ಳೆ ತೂತಿನ ಕಡೆ ಸರಿಯುತ್ತದೆ. ಕೊನೆಯ ಗುಳ್ಳೆ ಹೊರಬಿದ್ದಾಗ ಬ್ಯೂರೆಟ್ ಓದಿ. ಗ್ರೀಸ್ ಹೆಚ್ಚಾಗಿ ಚೇಂಬರಿನೊಳಗೆ ಉಬ್ಬಿದರೆ ಅಳತೆ ಕಡಿಮೆ ತೋರಿಸುತ್ತದೆ, ಹಾಳೆಯ ಮೂಲಕವೇ ಅದು ಕಾಣುತ್ತದೆ.

ಎಂಟೂ ಚೇಂಬರ್ ಅಳೆಯಿರಿ. ಎರಡು ಸಿಸಿವರೆಗಿನ ವ್ಯತ್ಯಾಸ ರಸ್ತೆ ಎಂಜಿನ್‌ಗೆ ಲೆಕ್ಕಕ್ಕಿಲ್ಲ. ರೇಶಿಯೋ ಲೆಕ್ಕಕ್ಕೆ ಅತಿ ಚಿಕ್ಕ ಚೇಂಬರನ್ನೇ ಹಿಡಿಯಿರಿ, ಮೊದಲು ಬಡಿಯುವುದು ಅದೇ.

ಫೇಸಿಂಗ್ ಮಾಡಿಸುವಾಗ ಅಂದಾಜು: 64 ಸಿಸಿ ಹೆಡ್ಡಿಗೆ ಒಂದು ಸಿಸಿ ಇಳಿಸಲು 6 ಥೌ, 76 ಸಿಸಿಯದಕ್ಕೆ 5 ಥೌ. 10 ಥೌ ಕತ್ತರಿಸಿದ ಮೇಲೆ ಮತ್ತೆ ಬ್ಯೂರೆಟ್ ಹಿಡಿದು ನೋಡಿ, ಆಮೇಲೆ ಉಳಿದದ್ದು. ಹೆಡ್ ಕೆಳಗಿಳಿದಂತೆ ವಿ ಆಕಾರದ ನಡುವೆ ಕೂರುವ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಜಾಗ ಕಿರಿದಾಗುತ್ತದೆ, ಬೋಲ್ಟಿನ ತೂತುಗಳು ಸಾಲು ತಪ್ಪುತ್ತವೆ. 30 ಥೌ ತೆಗೆಸುವುದಾದರೆ ಇನ್‌ಟೇಕ್ ಬದಿಯನ್ನೂ ಸರಿಪಡಿಸಿಕೊಡಿ ಎಂದು ಮೊದಲೇ ಹೇಳಿ. ಪುಷ್‌ರಾಡ್ ಉದ್ದವನ್ನೂ ನೋಡಿಕೊಳ್ಳಬೇಕಾಗುತ್ತದೆ.

ಜೋಡಿಸಿದ ಮೇಲೆ

ಒಂದೊಂದು ಹೆಡ್ಡಿಗೆ 17 ಬೋಲ್ಟು, ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ 65 ಅಡಿ-ಪೌಂಡ್‌ಗೆ ಬಿಗಿಯಿರಿ. ಈ ಬ್ಲಾಕಿನಲ್ಲಿ ಬೋಲ್ಟಿನ ತೂತುಗಳು ನೀರಿನ ಜಾಕೆಟ್‌ಗೆ ತೆರೆದುಕೊಳ್ಳುತ್ತವೆ. ಎಳೆಗಳಿಗೆ ಸೀಲೆಂಟ್ ಹಚ್ಚದಿದ್ದರೆ ಕೂಲೆಂಟ್ ಬೋಲ್ಟಿನ ಗುಂಟ ಮೇಲೆ ಬರುತ್ತದೆ.

ಎಂಜಿನ್ ಪಳಗಿದ ಮೇಲೆ ಬಿಸಿ ಇರುವಾಗಲೇ ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದಿಟ್ಟು, ಗೇಜ್ ಹಾಕಿ ಕ್ರ್ಯಾಂಕ್ ಮಾಡಿ. 150ರಿಂದ 180 ಪಿಎಸ್‌ಐ ಬಂದರೆ ಲೆಕ್ಕ ಸರಿಯಾಗಿದೆ. 190 ದಾಟಿದರೆ 91ರ ಊರಿನಲ್ಲಿ ಟೈಮಿಂಗ್ ಹಿಂದಕ್ಕೆ ತರಬೇಕಾದೀತು.

ಟೈಮಿಂಗ್ (ಪಿಸ್ಟನ್ ಮೇಲ್ತುದಿ ತಲುಪುವ ಎಷ್ಟು ಡಿಗ್ರಿ ಮುಂಚೆ ಕಿಡಿ ಹೊತ್ತುತ್ತದೆ ಎಂಬುದು) ಒಟ್ಟು 32 ಡಿಗ್ರಿಯಿಂದ ಶುರು ಮಾಡಿ. ಟಾಪ್ ಗೇರಿನಲ್ಲಿ ಕಡಿಮೆ ವೇಗದಿಂದ ಏರು ರಸ್ತೆಯಲ್ಲಿ ಒತ್ತಿ ನೋಡಿ, ಕಿಟಕಿ ಇಳಿಸಿರಲಿ, ಪಕ್ಕದಲ್ಲಿ ಗೋಡೆಯಿದ್ದರೆ ಸದ್ದು ಮರಳಿ ಚೆನ್ನಾಗಿ ಕೇಳುತ್ತದೆ. ಬಡಿತ ಇಲ್ಲವೆಂದರೆ ಎರಡೆರಡು ಡಿಗ್ರಿ ಮುಂದಕ್ಕೆ. ಹೆಚ್ಚಿನವು 34ರಿಂದ 36ರಲ್ಲಿ ಖುಷಿಯಾಗಿರುತ್ತವೆ. 76 ಸಿಸಿಯ ಚೇಂಬರಿನಲ್ಲಿ ಉರಿ ನಿಧಾನ, ಅದು ಇನ್ನೆರಡು ಡಿಗ್ರಿ ಕೇಳುವುದುಂಟು. ಆಮೇಲೆ ಪ್ಲಗ್ ತೆಗೆದು ಅದರ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಅದರ ಮೇಲೆ ಕಪ್ಪು ಚುಕ್ಕಿಗಳೋ, ಮಿನುಗುವ ಅಲ್ಯೂಮಿನಿಯಂ ಕಣಗಳೋ ಕಂಡರೆ ಕಿವಿಗೆ ಕೇಳದ ನಾಕಿಂಗ್ ನಡೆಯುತ್ತಿದೆ ಎಂದರ್ಥ. ಎರಡು ಡಿಗ್ರಿ ಹಿಂದಕ್ಕೆ ತನ್ನಿ, ಹೊಸ ಪ್ಲಗ್ ಹಾಕಿ, ಅದೇ ಏರಿನಲ್ಲಿ ಮತ್ತೆ ಓಡಿಸಿ ನೋಡಿ.